ತುಪ್ಪಕ್ಕೆ ಎಣ್ಣೆ ಬೆರೆಸುವ ಊರು

2009ರಲ್ಲಿ ನೈಜೀರಿಯಾದ ಮಹಾನಗರ ಲಾಗೋಸ್‌ನ ಡಾಗ್ರಿನ್ ಎಂಬ ಯುವಕ ತನ್ನ ರ‍್ಯಾಪ್ ಆಲ್ಬಮ್ಮಿಗೆ 'ಸಿ.ಇ.ಒ.' ಎಂದು ಹೆಸರಿಟ್ಟ. ಹೆಸರು ಕೇಳಿದರೆ ಕೋಟು ತೊಟ್ಟು ಕುರ್ಚಿಯಲ್ಲಿ ಕುಳಿತ ಮತ್ತೊಬ್ಬ ಬಡಾಯಿಗಾರ ಎನ್ನಿಸಬೇಕು. ಬಿಡಿಸಿ ನೋಡಿದರೆ ಬೇರೆಯೇ ಕಥೆ. ಮೊದಲ ಎರಡು ಅಕ್ಷರ ಚೀಫ್ ಎಕ್ಸಿಕ್ಯುಟಿವ್, ಸರಿ. ಮೂರನೆಯದು ಆಫೀಸರ್ ಅಲ್ಲ, 'ಒಮೊಯಿಟಾ'. ಅಲ್ಲಿಯ ಯೊರುಬಾ ಭಾಷೆಯಲ್ಲಿ ಒಮೊ ಎಂದರೆ ಮಗು, ಇಟಾ ಎಂದರೆ ಮನೆಯ ಹೊರಗು, ಬೀದಿ. ಬೀದಿಯಲ್ಲಿ ಬೆಳೆದ ಪೋಲಿ ಹುಡುಗರ ಮುಖ್ಯ ಕಾರ್ಯನಿರ್ವಾಹಕ! ಇಂಗ್ಲಿಷಿನ ಏಣಿಯನ್ನು ಎರಡು ಮೆಟ್ಟಿಲು ಹತ್ತಿ, ಮೂರನೆಯದರಿಂದ ನೇರ ಬೀದಿಗೆ ಹಾರಿದ ಹಾಗೆ. ಮರುವರ್ಷ ಏಪ್ರಿಲ್‌ನಲ್ಲಿ ಅವನ ಕಾರು ನಿಂತ ಲಾರಿಯೊಂದಕ್ಕೆ ಗುದ್ದಿತು. 22ನೇ ತಾರೀಕು ತೀರಿಕೊಂಡ. ಆ ಒಂದು ಆಲ್ಬಮ್ ಮಾತ್ರ ನೈಜೀರಿಯಾದ ಹಿಪ್-ಹಾಪ್ ಯಾವ ನುಡಿಯಲ್ಲಿ ಮಾತನಾಡಬೇಕು ಎಂಬ ಜಗಳದ ದಿಕ್ಕನ್ನೇ ತಿರುಗಿಸಿತು.

ಜಗಳ ನಮಗೆ ಹೊಸದಲ್ಲ. 1112ರ ಸುಮಾರಿಗೆ ಮುಳುಗುಂದದ ನಯಸೇನ ಇದೇ ವಿಷಯಕ್ಕೆ ರೇಗಿದ್ದ. ಸಂಸ್ಕೃತದಲ್ಲಿ ಹೇಳುವುದಿದ್ದರೆ ಪೂರ್ತಿ ಸಂಸ್ಕೃತದಲ್ಲೇ ಹೇಳಿ, ಶುದ್ಧ ಕನ್ನಡದೊಳಕ್ಕೆ ಅದನ್ನು ತಂದು ಸುರಿಯುವುದು ತುಪ್ಪಕ್ಕೂ ಎಣ್ಣೆಗೂ ಬೆರಕೆ ಮಾಡಿದಂತೆ ಎಂದ. ಹಾಗೆ ಹೇಳುವಾಗ ತುಪ್ಪಕ್ಕೆ 'ಘೃತ', ಎಣ್ಣೆಗೆ 'ತೈಲ' ಎಂದು ಬಳಸಿದ್ದನ್ನು ಅವನು ಗಮನಿಸಿದನೋ, ಬೇಕೆಂದೇ ಹಾಗೆ ಮಾಡಿದನೋ, ಅವನಿಗೇ ಗೊತ್ತು. ಬೆರಕೆಯನ್ನು ಬೈಯುವವರೂ ಬೆರಕೆಯಲ್ಲೇ ಬೈಯಬೇಕಾಗುತ್ತದೆ. ಲಾಗೋಸ್‌ನಲ್ಲೂ ಹಾಗೆಯೇ: ಈ ರ‍್ಯಾಪ್ ಹುಡುಗರು ಭಾಷೆ ಕೆಡಿಸುತ್ತಿದ್ದಾರೆ ಎಂದು ಹಿರಿಯರು ಗೊಣಗುವ ವಾಕ್ಯದಲ್ಲೇ ಮೂರು ಭಾಷೆಗಳಿರುತ್ತವೆ.

ಹೊರಗಿನವರು ಹೀಗೆ ಭಾಷೆಗಳನ್ನು ಬೆರೆಸಿದ ಹಾಡು ಕೇಳಿದಾಗ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಇಂಗ್ಲಿಷ್ ಸರಿಯಾಗಿ ಬಾರದ್ದಕ್ಕೆ ಊರ ಭಾಷೆಯಿಂದ ತೇಪೆ ಹಾಕಿದ್ದಾರೆ ಎನ್ನುವುದು ಒಂದು. ಮಾರಾಟದ ಲೆಕ್ಕಾಚಾರ, ಎಲ್ಲರಿಗೂ ಒಂದೊಂದು ತುತ್ತು ಎನ್ನುವುದು ಇನ್ನೊಂದು. ಎರಡರಲ್ಲೂ ಚೂರು ನಿಜವಿದೆ. ಆದರೆ ಹಾಡುಗಳನ್ನು ಪದ ಹಿಡಿದು ಕೇಳುತ್ತ ಹೋದರೆ ಇವೆರಡಕ್ಕೂ ದಕ್ಕದ ಒಂದು ಸಂಗತಿ ಕಾಣುತ್ತದೆ. ಭಾಷೆ ಬದಲಾಗುವ ಜಾಗದಲ್ಲಿ ಸಾಮಾನ್ಯವಾಗಿ ಎದುರಿಗಿರುವ ಆಳೂ ಬದಲಾಗಿರುತ್ತಾನೆ. ಯಾವ ಸಾಲು ಯಾರಿಗೆ ಎಂಬ ವಿಳಾಸ ಆ ಬದಲಾವಣೆಯಲ್ಲಿದೆ. ಅಂಚೆಯವನಿಗೆ ತಿಳಿಯುವಂಥ ವಿಳಾಸ.

ಲಾಗೋಸ್‌ನ ಬೀದಿಯಿಂದಲೇ ಹೊರಡೋಣ. ಅಲ್ಲಿ ಹಳದಿ ಬಣ್ಣದ, ಕಪ್ಪು ಪಟ್ಟೆಯ ಹಳೆಯ ವ್ಯಾನುಗಳು ಓಡುತ್ತವೆ. ಹೆಸರು ಡಾನ್ಫೊ. ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್ ಊರಿನ ಹೆಸರುಗಳನ್ನು ಒಂದೇ ಉಸಿರಿಗೆ ಕೂಗುತ್ತಾನೆ, ಜೊತೆಗೆ ಒಂದು ಎಚ್ಚರಿಕೆ: 'ವೊಲೆ ಪೆಲು ಚೇಂಜ್ ಎ ಒ!' ಚಿಲ್ಲರೆ ಇಟ್ಟುಕೊಂಡೇ ಹತ್ತಿ ಎಂದರ್ಥ. ಬೆಂಗಳೂರಿನ ಬಸ್ಸುಗಳಲ್ಲಿ ಓಡಾಡಿದವರಿಗೆ ಈ ವಾಕ್ಯಕ್ಕೆ ಅನುವಾದವೇ ಬೇಡ, ಆ ದನಿ ಸಾಕು. ಈ ವಾಕ್ಯದಲ್ಲಿ 'ಚೇಂಜ್' ಒಂದೇ ಇಂಗ್ಲಿಷ್. ಕ್ರಿಯಾಪದ ಯೊರುಬಾ, 'ಜೊತೆಗೆ' ಎಂಬುದು ಯೊರುಬಾ, 'ನಿನ್ನ' ಎಂಬುದು ಯೊರುಬಾ, ಕೊನೆಯಲ್ಲಿ ಎಳೆಯುವ 'ಒ' ಕೂಡ. ಆಫ್ರಿಕಾದ ನಗರಗಳ ಮಾತನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಭಾಷಾಶಾಸ್ತ್ರಜ್ಞೆ ಕ್ಯಾರೊಲ್ ಮೈಯರ್ಸ್-ಸ್ಕಾಟನ್ 1993ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಬೆರಕೆ ಮಾತಿನಲ್ಲಿ ಒಂದು ಭಾಷೆ ಮನೆಯ ಚೌಕಟ್ಟು, ಇನ್ನೊಂದು ಒಳಗೆ ತಂದಿಟ್ಟ ಸಾಮಾನು. ವಿಭಕ್ತಿ, ಕ್ರಿಯಾಪದದ ಕೊನೆ, ಪದಗಳ ಸರದಿ ಚೌಕಟ್ಟಿನ ಭಾಷೆಗೆ ಸೇರಿದ್ದು. ನಾವು 'ಮೊಬೈಲನ್ನು ಚಾರ್ಜಿಗೆ ಹಾಕಿದೆ' ಎನ್ನುವಾಗ ಸಾಮಾನು ಇಂಗ್ಲಿಷಿನದು, ಮನೆ ಕನ್ನಡದ್ದು.

ಕಂಡಕ್ಟರನ ಮಾತಿಗೆ ಈ ಸೂತ್ರ ಚೆನ್ನಾಗಿ ಹೊಂದುತ್ತದೆ. ರ‍್ಯಾಪ್ ಹಾಡುಗಾರ ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅವನು ಸಾಮಾನನ್ನಷ್ಟೇ ಅಲ್ಲ, ಮನೆಯನ್ನೇ ಬದಲಾಯಿಸುತ್ತಾನೆ. ನಾಲ್ಕು ಸಾಲು ಯೊರುಬಾ ಚೌಕಟ್ಟು, ಎರಡು ಸಾಲು ಪಿಜಿನ್ ಎಂಬ, ಇಂಗ್ಲಿಷ್ ಪದಗಳ ಬೀದಿನುಡಿಯ ಚೌಕಟ್ಟು, ಪಲ್ಲವಿಗೆ ಬಂದಾಗ ಇಂಗ್ಲಿಷ್. ಬೀದಿಯ ಮಾತಿನಲ್ಲಿ ಇಷ್ಟು ಬೇಗ ಮನೆ ಬದಲಾಯಿಸುವವರು ಅಪರೂಪ. ಇದು ಕಸುಬು. ಡಾಗ್ರಿನ್‌ನ ಪದ್ಯಗಳಲ್ಲಿ ಬಡಾಯಿಗೆ, ಹಣಕ್ಕೆ, ಸಂಗೀತದ ವ್ಯವಹಾರಕ್ಕೆ ಇಂಗ್ಲಿಷ್ ಪದಗಳು ಬರುತ್ತವೆ. ಹಸಿವಿನ, ಅವಮಾನದ, ತಾಯಿಯ, ದೇವರ ಮಾತು ಬಂದರೆ ಯೊರುಬಾ. ಮಧ್ಯದಲ್ಲಿ ಪಿಜಿನ್ ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಂಡು ಹರಟುತ್ತದೆ.

ಈ ಪಿಜಿನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದನ್ನು 'ಮುರುಕು ಇಂಗ್ಲಿಷ್' ಎಂದು ತಳ್ಳಿಹಾಕುವ ಚಟ ನೈಜೀರಿಯಾದ ಶಾಲಾ ಮಾಸ್ತರರಿಗೂ ಇದೆ, ನಮ್ಮಲ್ಲಿ ಅದನ್ನು ಕೇಳಿದವರಿಗೂ ಇದೆ. ಪಶ್ಚಿಮ ಆಫ್ರಿಕಾದ ಕರಾವಳಿಗೆ ಮೊದಲು ಬಂದ ಯುರೋಪಿಯನ್ನರು ಪೋರ್ಚುಗೀಸರು, ಹದಿನೈದನೆಯ ಶತಮಾನದಲ್ಲಿ. ಅವರು ಹೋದರು, ಕೆಲವು ಪದ ಉಳಿದವು: 'ಸಾಬಿ', ಎಂದರೆ ತಿಳಿದಿರುವುದು, 'ಪಿಕಿನ್', ಎಂದರೆ ಮಗು. ಆಮೇಲೆ ಇಂಗ್ಲಿಷ್ ವ್ಯಾಪಾರಿಗಳು, ಗುಲಾಮರ ಹಡಗುಗಳು, ಪಾದ್ರಿಗಳು, ಅಧಿಕಾರಿಗಳು. ಪದಗಳ ರಾಶಿ ಇಂಗ್ಲಿಷಿನದಾದರೂ ಒಳಗಿನ ಕಟ್ಟಡ ಅಲ್ಲಿಯ ನುಡಿಗಳದು. 'ನೀವೆಲ್ಲ' ಎನ್ನಲು 'ಉನಾ', ಇಗ್ಬೊ ಭಾಷೆಯಿಂದ. ತೊಂದರೆ, ರಗಳೆಗೆ 'ವಹಾಲಾ', ಹೌಸಾದಿಂದ. 'ಅಲ್ವೇ?' ಎನ್ನುವ ಜಾಗಕ್ಕೆ 'ಅಬಿ', ಯೊರುಬಾದಿಂದ. 'ವೆಟಿನ್' ಎಂದರೆ ಏನು. 'ವಾಟ್ ಥಿಂಗ್' ಸವೆದು ಹಾಗಾಗಿದೆ. ವಾರಿ, ಸಾಪೆಲೆಯಂಥ ನೈಜರ್ ನದಿ ಮುಖಜ ಭೂಮಿಯ ಊರುಗಳಲ್ಲಿ ಅದು ಎಷ್ಟೋ ಮಕ್ಕಳಿಗೆ ಮೊದಲ ನುಡಿ, ಮನೆಯ ನುಡಿ.

ಕನ್ನಡಿಗರಿಗೆ ತಟ್ಟನೆ ಹಿಡಿಸುವ ಒಂದು ಪಿಜಿನ್ ಮಾತಿದೆ: 'ಐ ಡೆ ಕಮ್'. ಅಕ್ಷರಾರ್ಥ 'ನಾನು ಬರುತ್ತಿದ್ದೇನೆ'. ಹೇಳುವುದು ಎದ್ದು ಹೊರಗೆ ಹೊರಟಾಗ. ಇಂಗ್ಲೆಂಡಿನವನು ಇದನ್ನು ಕೇಳಿ ಕಕ್ಕಾಬಿಕ್ಕಿಯಾಗುತ್ತಾನೆ: ಹೋಗುತ್ತಿರುವವನು ಬರುತ್ತೇನೆ ಎನ್ನುವುದೇಕೆ? ನಮ್ಮ ಯಾವ ಅಜ್ಜಿಯೂ ಮನೆಯಿಂದ ಹೊರಡುವವರಿಗೆ 'ಹೋಗುತ್ತೇನೆ' ಎನ್ನಲು ಬಿಟ್ಟದ್ದಿಲ್ಲ, 'ಬರುತ್ತೇನೆ ಅನ್ನು' ಎಂದು ತಿದ್ದಿಯೇ ಕಳಿಸುತ್ತಿದ್ದರು. ಯೊರುಬಾದಲ್ಲೂ ತುಸು ಹೊತ್ತಿಗೆ ಎದ್ದು ಹೋಗುವವರು 'ಬರುತ್ತಿದ್ದೇನೆ' ಎನ್ನುವುದೇ ವಾಡಿಕೆ. ಪದ ಇಂಗ್ಲಿಷಿನ ಅಂಗಿ ತೊಟ್ಟಿದೆ, ಒಳಗಿರುವುದು ಬೇರೆ ಜೀವ.

ನೈಜೀರಿಯಾದಲ್ಲಿ ಐನೂರಕ್ಕೂ ಹೆಚ್ಚು ಭಾಷೆಗಳಿವೆ. ಸರ್ಕಾರದ ಭಾಷೆ ಇಂಗ್ಲಿಷ್. ಯೊರುಬಾ, ಹೌಸಾ, ಇಗ್ಬೊ ಮೂರು ದೊಡ್ಡ ಭಾಷೆಗಳು. ಯೊರುಬಾ ಆಡುವವರು ನಾಲ್ಕು ಕೋಟಿಗೂ ಹೆಚ್ಚು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು 4.37 ಕೋಟಿ, ಅಂದರೆ ಹೆಚ್ಚುಕಡಿಮೆ ನಮ್ಮಷ್ಟೇ ದೊಡ್ಡ ಭಾಷೆ. ಇವೆಲ್ಲದರ ನಡುವೆ ಯಾವ ಜನಾಂಗದ ಸ್ವತ್ತೂ ಅಲ್ಲದ, ಯಾವ ಕಚೇರಿಯೂ ಒಪ್ಪದ, ಆದರೆ ಎಲ್ಲರಿಗೂ ತಿಳಿಯುವ ನುಡಿ ಪಿಜಿನ್. 2007ರಲ್ಲಿ ಲಾಗೋಸ್‌ನಲ್ಲಿ ಪಿಜಿನ್‌ನಲ್ಲೇ ಮಾತನಾಡುವ ಎಫ್.ಎಂ. ಕೇಂದ್ರವೊಂದು ಶುರುವಾಯಿತು, ಹೆಸರು 'ವಾಜೋಬಿಯಾ'. ವಾ ಯೊರುಬಾ, ಜೋ ಹೌಸಾ, ಬಿಯಾ ಇಗ್ಬೊ. ಮೂರಕ್ಕೂ ಅರ್ಥ ಒಂದೇ: 'ಬಾ'. 2017ರಲ್ಲಿ ಬಿ.ಬಿ.ಸಿ. ಕೂಡ ಪಿಜಿನ್ ಸುದ್ದಿಸೇವೆ ತೆರೆಯಿತು. ಇಂಗ್ಲಿಷನ್ನು ಹೀಗೇ ಆಡಬೇಕು ಎಂದು ಲೋಕಕ್ಕೆಲ್ಲ ಪಾಠ ಹೇಳಿದ ಸಂಸ್ಥೆ!

ಪಿಜಿನ್‌ಗೆ ಹಾಡಿನ ಗದ್ದುಗೆ ಕೊಟ್ಟವರು ಗಾಯಕ ಫೇಲಾ ಕುಟಿ. ಅಬೆಯೊಕುಟಾದ ಯೊರುಬಾ ಮನೆತನ, ಲಂಡನ್ನಿನಲ್ಲಿ ಸಂಗೀತದ ಓದು. 1970ರ ದಶಕದಲ್ಲಿ ಅವರು ಪಿಜಿನ್‌ಗೆ ತಿರುಗಿದರು, ಯೊರುಬಾ ಬಾರದ ಆಫ್ರಿಕನ್ನರಿಗೂ ಮುಟ್ಟಬೇಕು ಎಂಬ ಉದ್ದೇಶದಿಂದ. ಪಿಜಿನ್ ಸೈನಿಕರಿಗೂ ಅರ್ಥವಾಗುತ್ತಿತ್ತು ಎಂಬುದೇ ತೊಂದರೆಯಾಯಿತು. ಸೇನೆಯನ್ನು ಹೇಳಿದಂತೆ ಕುಣಿಯುವ ಹೆಣಗಳಿಗೆ ಹೋಲಿಸಿದ ಹಾಡಿನ ಬೆನ್ನಿಗೆ, 1977ರ ಫೆಬ್ರವರಿಯಲ್ಲಿ ಸೈನಿಕರು ಅವರ ಮನೆಗೆ ನುಗ್ಗಿ ಬೆಂಕಿಯಿಟ್ಟರು. ಅವರ ವೃದ್ಧ ತಾಯಿಯನ್ನು ಕಿಟಕಿಯಿಂದ ಹೊರಗೆಸೆದರು. ಮರುವರ್ಷ ಆಕೆ ತೀರಿಕೊಂಡರು.

ಆ ಪರಂಪರೆ ಹಿಪ್-ಹಾಪ್‌ಗೂ ಇಳಿದು ಬಂತು. 2004ರಲ್ಲಿ ಈಡ್ರಿಸ್ ಅಬ್ದುಲ್‌ಕರೀಮ್ ಎಂಬ ರ‍್ಯಾಪ್ ಗಾಯಕ ದೇಶದ ಸ್ಥಿತಿಯನ್ನು 'ಜಗಾಜಗಾ' ಎಂದು ಕರೆದ. ಯೊರುಬಾದ ಅನುಕರಣ ಪದ. ಚೆಲ್ಲಾಪಿಲ್ಲಿ, ಅಸ್ತವ್ಯಸ್ತ, ಕಲಸುಮೇಲೋಗರ, ಇಷ್ಟನ್ನೂ ಒಂದೇ ಬಾರಿಗೆ ಹೇಳುತ್ತದೆ. ಅಂಕಿಅಂಶ ಕೊಟ್ಟು ಟೀಕಿಸಿದ್ದರೆ ಅಧ್ಯಕ್ಷ ಒಬಸಾಂಜೊ ಸುಮ್ಮನಿರುತ್ತಿದ್ದರೋ ಏನೋ. ಈ ಪದಕ್ಕೆ ಸಿಟ್ಟಾದರು, ಹಾಡು ರೇಡಿಯೊದಿಂದ ಮರೆಯಾಯಿತು. ಇಂಗ್ಲಿಷ್ ವಾಕ್ಯದಲ್ಲಿ ಇಂಥ ಪದ ಬಂದು ಕುಳಿತಾಗ ಅದರ ಪೆಟ್ಟೇ ಬೇರೆ. ದೇಶದ ಹೆಸರು ಇಂಗ್ಲಿಷರು ಇಟ್ಟದ್ದು, ಅದರ ಅವಸ್ಥೆಯನ್ನು ಬಣ್ಣಿಸುವ ಪದ ಅಜ್ಜಿಯ ಬಾಯಿಯದು. 2025ರ ಏಪ್ರಿಲ್‌ನಲ್ಲಿ ಅದೇ ಈಡ್ರಿಸ್ ಈಗಿನ ಅಧ್ಯಕ್ಷರ ಮಗನನ್ನು ಉದ್ದೇಶಿಸಿ, ನಿನ್ನ ಅಪ್ಪನಿಗೆ ಹೇಳು ಎಂದು ಹಾಡಿದ. ಪ್ರಸಾರ ಆಯೋಗ ಆ ಹಾಡನ್ನೂ 'ಪ್ರಸಾರಕ್ಕೆ ತಕ್ಕುದಲ್ಲ' ಪಟ್ಟಿಗೆ ಸೇರಿಸಿತು. ಇಪ್ಪತ್ತೊಂದು ವರ್ಷದಲ್ಲಿ ಪಟ್ಟಿ ಮಾತ್ರ ಬದಲಾಗಿಲ್ಲ.

ಈಗ ಯೊರುಬಾದ ಸರದಿ. ಅದು ಸ್ವರಭೇದದ ಭಾಷೆ. ಒಂದೇ ಉಚ್ಚಾರವನ್ನು ಕೆಳ, ನಡು, ಮೇಲು ಎಂಬ ಮೂರು ಎತ್ತರಗಳಲ್ಲಿ ಹೇಳಬಹುದು, ಎತ್ತರ ಬದಲಾದರೆ ಅರ್ಥವೂ ಬದಲು. ಅಲ್ಲಿಯ ಶಾಲೆಗಳಲ್ಲಿ ಮಕ್ಕಳಿಗೆ ಇದನ್ನು 'ಡೊ, ರೆ, ಮಿ' ಎಂದು ಹೇಳಿಕೊಡುತ್ತಾರೆ, ನಾವು ಸ ರಿ ಗ ಎಂದ ಹಾಗೆ. ಕನ್ನಡ ಲಿಪಿಯಲ್ಲಿ 'ಇಗ್ಬಾ' ಎಂದು ಬರೆದರೆ ಅದು ಇನ್ನೂರು ಎಂಬ ಸಂಖ್ಯೆಯೂ ಆದೀತು, ಸೋರೆ ಬುರುಡೆಯ ಪಾತ್ರೆಯೂ ಆದೀತು, ಕಾಲ ಎಂಬ ಅರ್ಥವೂ ಬಂದೀತು. ಬಾಯಲ್ಲಿ ಮಾತ್ರ ಮೂರೂ ಬೇರೆ ಬೇರೆ. ಅಲ್ಲಿಯ ದುಂಡುನ್ ಎಂಬ ಮರಳುಗಡಿಯಾರದ ಆಕಾರದ ಚರ್ಮವಾದ್ಯ ಮಾತನಾಡುವುದು ಇದರಿಂದಲೇ. ಕಂಕುಳಲ್ಲಿ ಅವುಚಿಕೊಂಡು ಹುರಿಗಳನ್ನು ಒತ್ತಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಪದವಿಲ್ಲದೆಯೇ ವಾಕ್ಯದ ಏರಿಳಿತ ಹೊರಡುತ್ತದೆ, ಕೇಳುವವರು ಮಾತನ್ನು ಹಿಡಿದುಕೊಳ್ಳುತ್ತಾರೆ.

ಇಂಥ ಭಾಷೆಯನ್ನು ಹೊರಗಿನ ರಾಗಕ್ಕೆ ಕೂರಿಸುವುದು ಅಪಾಯದ ಕೆಲಸ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಇಂಗ್ಲಿಷ್ ಕೀರ್ತನೆಗಳನ್ನು ಯೊರುಬಾಕ್ಕೆ ಅನುವಾದಿಸಿ ಅವೇ ಇಂಗ್ಲಿಷ್ ರಾಗಗಳಲ್ಲಿ ಹಾಡಿಸಿದರು. ಪದ ಏರಬೇಕಾದಲ್ಲಿ ರಾಗ ಇಳಿಯಿತು, ರಾಗ ಏರಿದಲ್ಲಿ ಪದ ಕೆಟ್ಟಿತು. ಭಕ್ತಿಯಿಂದ ಹಾಡಿದ ಸಾಲಿಗೆ ಯಾವ ಅರ್ಥ ಬಂತೋ ಆ ದೇವರಿಗೇ ಗೊತ್ತು. ಇಪ್ಪತ್ತನೆಯ ಶತಮಾನದಲ್ಲಿ ಎಕುಂಡಾಯೊ ಫಿಲಿಪ್ಸ್‌ರಂಥ ಚರ್ಚಿನ ಸಂಗೀತಗಾರರು ಕುಳಿತು ಪದದ ಏರಿಳಿತಕ್ಕೆ ಒಪ್ಪುವ ರಾಗ ಕಟ್ಟಬೇಕಾಯಿತು.

ಅಮೆರಿಕದಿಂದ ಬಂದ ರ‍್ಯಾಪ್ ಯೊರುಬಾಕ್ಕೆ ಅಷ್ಟು ಸಲೀಸಾಗಿ ಒಗ್ಗಿದ್ದಕ್ಕೆ ನನಗೆ ತೋರುವ ಕಾರಣ ಇದೇ. ರ‍್ಯಾಪ್ ಹೊರಗಿನಿಂದ ರಾಗ ಹೇರುವುದಿಲ್ಲ. ತಾಳ ಕೊಡುತ್ತದೆ, ಉಳಿದದ್ದನ್ನು ಮಾತಿಗೆ ಬಿಡುತ್ತದೆ. ಮಾತೇ ರಾಗವಾಗಿರುವ ಭಾಷೆಗೆ ಇನ್ನೇನು ಬೇಕು? ಯೊರುಬಾದಲ್ಲಿ ವೇಗವಾಗಿ ಹೇಳಿದ ಪದ್ಯ ಅರ್ಥವಾಗದವರ ಕಿವಿಗೂ ಹಾಡಿನಂತೆ ಕೇಳುತ್ತದೆ. ಅದೇ ಹುಡುಗ ಇಂಗ್ಲಿಷಿಗೆ ಹೊರಳಿದ ಕೂಡಲೇ ಸಾಲು ಚಪ್ಪಟೆಯಾಗಿ, ತಾಳದ ಪೆಟ್ಟು ಮುಂದಕ್ಕೆ ಬರುತ್ತದೆ. ಭಾಷೆ ಬದಲಾಯಿಸಿದಾಗ ವಾದ್ಯವನ್ನೇ ಬದಲಾಯಿಸಿದಂತೆ. ಒಳ್ಳೆಯ ರ‍್ಯಾಪ್ ಗಾಯಕರು ಇದನ್ನು ತಿಳಿದೇ ಬಳಸುತ್ತಾರೆ.

ಪ್ರಾಸದ ಲೆಕ್ಕವೂ ಸ್ವಾರಸ್ಯದ್ದು. ಯೊರುಬಾದ ಪದಗಳು ಸ್ವರದಲ್ಲೋ ಅನುನಾಸಿಕದಲ್ಲೋ ಮುಗಿಯುತ್ತವೆ. ನಾವು ಬಸ್ಸಿಗೆ, ಕಾರಿಗೆ 'ಉ' ಸೇರಿಸಿ ಮನೆಯ ಪದ ಮಾಡಿಕೊಂಡಂತೆ ಅವರು 'ಬಾಲ್' ಅನ್ನು 'ಬೋಲು' ಮಾಡಿದರು, 'ಬ್ರೆಡ್' ಅನ್ನು 'ಬುರೆಡಿ' ಮಾಡಿದರು. ಸ್ವರಗಳು ಕೆಲವೇ ಇರುವುದರಿಂದ ಅಂತ್ಯಪ್ರಾಸ ಅಲ್ಲಿ ಬೇಡವೆಂದರೂ ಬಂದುಬಿಡುತ್ತದೆ, ಹಾಗೆ ಬಂದದ್ದಕ್ಕೆ ಬೆಲೆಯಿಲ್ಲ. ಅವರ ಹಳೆಯ ಕಾವ್ಯ ನೆಚ್ಚಿದ್ದು ಜೋಡಿ ಸಾಲುಗಳನ್ನು, ಸ್ವರದ ವೈದೃಶ್ಯವನ್ನು, ಶ್ಲೇಷೆಯನ್ನು. ಎರಡನೆಯ ಅಕ್ಷರದಲ್ಲಿ ಪ್ರಾಸ ಹಿಡಿದ ನಮ್ಮ ಹಳೆಗನ್ನಡದ ಕವಿಗಳು ಕೊನೆಯ ಪ್ರಾಸವನ್ನು ಅಷ್ಟಾಗಿ ಲೆಕ್ಕಿಸದಿದ್ದುದು ನೆನಪಾಗುತ್ತದೆ. ಆದರೆ ಹಿಪ್-ಹಾಪ್‌ಗೆ ಅಂತ್ಯಪ್ರಾಸ ಬೇಕೇ ಬೇಕು. ಆಗ ಯೊರುಬಾ ಸಾಲಿನ ಕೊನೆಗೆ ಒಂದು ಇಂಗ್ಲಿಷ್ ಪದ ಬರುತ್ತದೆ, ಮುಂದಿನ ಸಾಲಿನ ಯೊರುಬಾ ಪದ ಅದಕ್ಕೆ ಜೋಡಿಯಾಗುತ್ತದೆ. ಎರಡು ಭಾಷೆಗಳ ನಡುವಿನ ಪ್ರಾಸ ಕಿವಿಗೆ ಅನಿರೀಕ್ಷಿತ, ಅದಕ್ಕೇ ಸಭೆಯಲ್ಲಿ ಕೇಕೆ ಬೀಳುತ್ತದೆ.

ಇನ್ನೊಂದು ಸೂಕ್ಷ್ಮ ಕನ್ನಡಿಗರಿಗೆ ವಿವರಿಸದೆಯೇ ತಿಳಿಯುತ್ತದೆ. ಯೊರುಬಾದಲ್ಲಿ ನೀನು, ನೀವು ಎಂಬ ಭೇದವಿದೆ, ಹಿರಿಯರನ್ನು ಏಕವಚನದಲ್ಲಿ ಕರೆದರೆ ಕೆನ್ನೆ ಊದುತ್ತದೆ. ಪಿಜಿನ್‌ನಲ್ಲಿ 'ಯು' ಎಂದರೆ ಸಾಕು, ಇಂಗ್ಲಿಷಿನಲ್ಲೂ ಅಷ್ಟೆ. ರ‍್ಯಾಪ್ ಎಂದರೆ ಎದೆ ತಟ್ಟಿಕೊಳ್ಳುವುದು, ಎದುರಾಳಿಯನ್ನು ಕೆಣಕುವುದು. ತನಗಿಂತ ಹತ್ತು ವರ್ಷ ಹಿರಿಯ ಗಾಯಕನನ್ನು ಕೆಣಕಬೇಕಾದಾಗ ಯೊರುಬಾದಲ್ಲಿ 'ನೀನು' ಎಂದರೆ ಅದು ಬರೀ ಹಾಡಾಗಿ ಉಳಿಯದು, ಮನೆತನದ ಅವಮಾನವಾಗುತ್ತದೆ. ಪಿಜಿನ್‌ಗೆ ಜಾರಿದರೆ ತಪ್ಪಿಸಿಕೊಳ್ಳಬಹುದು. ಬೇಕೆಂದೇ ಯೊರುಬಾದಲ್ಲೇ ಏಕವಚನ ಹಿಡಿದರೆ ಯುದ್ಧ ಸಾರಿದ ಹಾಗೆ. ಹಾಗೆಯೇ ಹೊಗಳಿಕೆಗೆ ಯೊರುಬಾವೇ ಆಗಬೇಕು, ಏಕೆಂದರೆ 'ಒರಿಕಿ' ಎಂಬ ಬಿರುದಾವಳಿಯ ಪರಂಪರೆ ಅಲ್ಲಿದೆ. ವಂಶ, ಊರು, ಪರಾಕ್ರಮ ಸೇರಿಸಿ ಒಬ್ಬರನ್ನು ಕರೆಯುವ ಕಾವ್ಯ. ನಮ್ಮ ಶಾಸನಗಳ ಬಿರುದುಗಳ ಸಾಲು ನೆನೆಸಿಕೊಂಡರೆ ಅಂದಾಜು ಸಿಗುತ್ತದೆ. ರ‍್ಯಾಪ್ ಗಾಯಕ ತನಗೆ ತಾನೇ ಒರಿಕಿ ಹಾಡಿಕೊಳ್ಳುತ್ತಾನೆ, ಅದಕ್ಕೆ ಸಂಬಳದ ಭಟ್ಟಂಗಿ ಬೇಡ.

ಇಷ್ಟೆಲ್ಲ ಇದ್ದರೂ 1990ರ ದಶಕದ ಬಹುಪಾಲು ನೈಜೀರಿಯಾದ ರ‍್ಯಾಪ್ ಅಮೆರಿಕದ ಉಚ್ಚಾರವನ್ನೇ ಅನುಕರಿಸುತ್ತಿತ್ತು. ಜೂನಿಯರ್ ಆ್ಯಂಡ್ ಪ್ರೆಟಿ ಜೋಡಿ ಪಿಜಿನ್‌ನಲ್ಲಿ ತಮಾಷೆಯಾಗಿ ಹಾಡಿ ಹೊರತಾದರು. ಲಾರ್ಡ್ ಆಫ್ ಅಜಾಸಾ ಎಂಬ ಗಾಯಕ ಯೊರುಬಾದಲ್ಲಿ ಹೊಸ ದಾರಿ ಕಡಿದುಕೊಟ್ಟ. ಆದರೂ ಗಂಭೀರ ರ‍್ಯಾಪ್ ಎಂದರೆ ಇಂಗ್ಲಿಷ್, ಊರ ಭಾಷೆಯದ್ದು ಕುಣಿತಕ್ಕೆ ಎಂಬ ಮಡಿವಂತಿಕೆ ಇತ್ತು. ಡಾಗ್ರಿನ್‌ನ ನಂತರ ಆ ಮಡಿವಂತಿಕೆ ಉಳಿಯಲಿಲ್ಲ. ಲಾಗೋಸ್‌ನ ಬಾರಿಗಾ ಎಂಬ ಇಕ್ಕಟ್ಟಿನ ಬಡಾವಣೆಯಿಂದ ಬಂದ ಒಲಾಮಿಡೆ 2011ರಿಂದ ವರ್ಷಕ್ಕೊಂದರಂತೆ ಆಲ್ಬಮ್ ತಂದು ಯೊರುಬಾ ರ‍್ಯಾಪನ್ನು ಮುಖ್ಯ ಬೀದಿಗೆ ಎಳೆದ. 2015ರಲ್ಲಿ ರೆಮಿನಿಸ್, ಒಲಾಮಿಡೆ ಮತ್ತು ಇಗ್ಬೊ ಭಾಷೆಯಲ್ಲಿ ಹಾಡುವ ಫೀನೊ ಸೇರಿ, ತಮಗಂಟಿದ 'ಲೋಕಲ್ ರ‍್ಯಾಪರ್' ಎಂಬ ಬೈಗುಳವನ್ನೇ ಹಾಡಿನ ಹೆಸರು ಮಾಡಿಕೊಂಡರು. ಇಂಗ್ಲಿಷ್ ರ‍್ಯಾಪ್ ಗಾಯಕರಿಗೆ ಅದು ಚುಚ್ಚಿತು, ತಿಂಗಳುಗಟ್ಟಲೆ ವಾಗ್ವಾದ ನಡೆಯಿತು. ಮಾರುಕಟ್ಟೆ ಆ ಹೊತ್ತಿಗೆ ತೀರ್ಪು ಕೊಟ್ಟಾಗಿತ್ತು.

ಈ ಗೆಲುವಿಗೆ ಒಂದು ಹುಳುಕೂ ಇದೆ, ಅದನ್ನು ಅಲ್ಲಿಯವರು ಅಷ್ಟಾಗಿ ಹೇಳುವುದಿಲ್ಲ. ಸಂಗೀತದ ಉದ್ಯಮ ಲಾಗೋಸ್‌ನಲ್ಲಿದೆ, ಲಾಗೋಸ್ ಯೊರುಬಾ ಸೀಮೆಯಲ್ಲಿದೆ. ಹಾಗಾಗಿ 'ಊರ ಭಾಷೆ' ಗೆದ್ದಿತು ಎನ್ನುವಾಗ ಗೆದ್ದದ್ದು ಮುಖ್ಯವಾಗಿ ಒಂದು ಊರಿನ ಭಾಷೆ. ಹೆಸರಾಂತ ಗಾಯಕ ಬರ್ನಾ ಬಾಯ್ ಹುಟ್ಟಿದ್ದು ಪೋರ್ಟ್ ಹಾರ್ಕೋರ್ಟ್‌ನಲ್ಲಿ, ಯೊರುಬಾ ಅವನ ಮನೆಮಾತಲ್ಲ. ಹಾಡುಗಳಲ್ಲಿ ಮಾತ್ರ ಧಾರಾಳ ಯೊರುಬಾ ಇದೆ. ಬೆನಿನ್ ಸಿಟಿಯ ಗಾಯಕ ರೆಮಾ ಪಿಜಿನ್ ಹಿಡಿದ. ಉತ್ತರದ ಹೌಸಾ ರ‍್ಯಾಪ್ ತನ್ನದೇ ದೊಡ್ಡ ಕೇಳುಗರನ್ನು ಇಟ್ಟುಕೊಂಡು ಬೇರೆಯೇ ಓಡುತ್ತದೆ, ಲಾಗೋಸ್‌ನ ಪ್ರಶಸ್ತಿ ಸಮಾರಂಭಗಳಲ್ಲಿ ಅದರ ಸದ್ದು ಕಡಿಮೆ. ಸಣ್ಣ ಭಾಷೆಗಳ ಮಾತು ಬಿಡಿ. ಮುಂಬೈನ ಸಿನಿಮಾ ಇಡೀ ದೇಶದ ಬೀದಿಭಾಷೆ ಎಂದು ಒಂದೇ ಬಗೆಯ ಹಿಂದಿಯನ್ನು ಹಂಚಿದ್ದು ಕಂಡ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಈ ಹಾಡುಗಳಲ್ಲಿ ಹೇಳುವುದಾದರೂ ಏನು ಎಂಬ ತಕರಾರು. ಒಲಾಮಿಡೆಯ ಸಂಸ್ಥೆಯ ಹೆಸರು 'ವೈ.ಬಿ.ಎನ್.ಎಲ್.', ಬಿಡಿಸಿದರೆ ಲ್ಯಾಪ್‌ಟಾಪ್ ಇಲ್ಲದ ಯಾಹೂ ಹುಡುಗ. ಅಂತರ್ಜಾಲದಲ್ಲಿ ಮೋಸ ಮಾಡಿ ದುಡ್ಡು ಮಾಡುವವರಿಗೆ ಅಲ್ಲಿ ಆ ಹೆಸರು. 2017ರಲ್ಲಿ ಅವನ 'ವೊ' ಎಂಬ ಹಾಡಿನ ವೀಡಿಯೊ ತಂಬಾಕು ನಿಯಂತ್ರಣ ಕಾಯ್ದೆಗೆ ವಿರುದ್ಧ ಎಂದು ಆರೋಗ್ಯ ಸಚಿವಾಲಯವೇ ಹೇಳಿತು. ವೊ ಎಂದರೆ 'ನೋಡು'. ಸಚಿವಾಲಯ ನೋಡಿತು. ಬೀದಿಯ ಪದಗಳು ನಿಘಂಟಿನಲ್ಲಿ ಇಲ್ಲದಿರುವುದರಿಂದ ನಿಯಂತ್ರಕರು ಸದಾ ಒಂದು ಹೆಜ್ಜೆ ಹಿಂದೆ. ಅವರು ಒಂದು ಪದದ ಅರ್ಥ ಕಂಡುಕೊಳ್ಳುವಷ್ಟರಲ್ಲಿ ಬೀದಿ ಹೊಸದನ್ನು ಹುಟ್ಟಿಸಿರುತ್ತದೆ. ಜ್ಲಾಟನ್ ಎಂಬ ಗಾಯಕ ತಂದ 'ಜಾಂಕು' ಕುಣಿತದ ಹೆಸರನ್ನು ಬಿಡಿಸಿದರೆ 'ಜ್ಲಾಟನ್, ಅಬೆಗ್, ನೋ ಕಿಲ್ ಅಸ್': ದಮ್ಮಯ್ಯ, ನಮ್ಮನ್ನು ಕೊಲ್ಲಬೇಡ. ಕಚೇರಿಗಳ ಸಂಕ್ಷೇಪಗಳನ್ನು ಅಣಕಿಸುವ ಈ ಚಾಳಿ ಡಾಗ್ರಿನ್‌ನ 'ಸಿ.ಇ.ಒ.'ದಿಂದ ಇಂದಿನವರೆಗೂ ಬಿಟ್ಟಿಲ್ಲ.

ಶಾಲೆ ಮಾತ್ರ ಎದುರು ದಿಕ್ಕಿನಲ್ಲಿ ನಡೆಯುತ್ತಿದೆ. ತರಗತಿಯಲ್ಲಿ 'ವರ್ನಾಕ್ಯುಲರ್' ಆಡಿದ ಮಗುವಿಗೆ ದಂಡ ಹಾಕುವ ಪದ್ಧತಿ ನೈಜೀರಿಯಾದಲ್ಲೂ ಇದೆ, ನಮ್ಮ ಕಾನ್ವೆಂಟುಗಳಲ್ಲಿ ಓದಿದವರಿಗೆ ಅದರ ರುಚಿ ಗೊತ್ತು. 2022ರ ನವೆಂಬರ್‌ನಲ್ಲಿ ನೈಜೀರಿಯಾದ ಕೇಂದ್ರ ಸಂಪುಟ ಹೊಸ ಭಾಷಾನೀತಿಯನ್ನು ಒಪ್ಪಿತು: ಪ್ರಾಥಮಿಕ ಶಾಲೆಯ ಮೊದಲ ಆರು ವರ್ಷ ತಾಯ್ನುಡಿಯಲ್ಲೇ ಪಾಠ. ಪುಸ್ತಕವೆಲ್ಲಿ, ಶಿಕ್ಷಕರೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ, 2025ರ ನವೆಂಬರ್‌ನಲ್ಲಿ ಶಿಕ್ಷಣ ಸಚಿವರು ಆ ನೀತಿ ರದ್ದಾಯಿತು, ಇನ್ನು ಎಲ್ಲ ಹಂತದಲ್ಲೂ ಇಂಗ್ಲಿಷ್ ಎಂದು ಸಾರಿದರು. ತಾಯ್ನುಡಿಯಲ್ಲಿ ಕಲಿತವರು ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿದ್ದಾರೆ ಎಂಬುದು ಕೊಟ್ಟ ಕಾರಣ. ಮೂರು ವರ್ಷಕ್ಕೆ ಮೊದಲ ತಂಡದ ಮಗು ಆರನೆಯ ತರಗತಿ ಮುಟ್ಟಿರಲೂ ಸಾಧ್ಯವಿಲ್ಲ ಎಂಬ ಲೆಕ್ಕ ಯಾರಿಗೂ ಬೇಕಾಗಲಿಲ್ಲ. ನಮ್ಮಲ್ಲಿ ಇಂಥ ಕಡ್ಡಾಯ ಬಿದ್ದುಹೋದದ್ದು 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ.

ಹಾಗಾಗಿ ಇವತ್ತು ಲಾಗೋಸ್‌ನಲ್ಲಿ ಹತ್ತು ವರ್ಷದ ಮಗುವಿಗೆ ಶ್ಲೇಷೆ, ಗಾದೆ, ಬಿರುದು ತುಂಬಿದ ಯೊರುಬಾ ಕಿವಿಗೆ ಬೀಳುವುದು ಶಾಲೆಯಲ್ಲಲ್ಲ, ರ‍್ಯಾಪ್ ಹಾಡಿನಲ್ಲಿ. ಅದೂ ಗಾಂಜಾ, ಮೋಸ, ಮೈಮಾಟದ ವರ್ಣನೆಗಳ ಜೊತೆ. ಗೊಣಗುವ ಹಿರಿಯರಿಗೆ ನನ್ನ ಸಹಾನುಭೂತಿ ಇದೆ. ಆದರೆ ಮಗುವಿನ ಬಾಯಿಯಿಂದ ಯೊರುಬಾವನ್ನು ಕಿತ್ತುಕೊಂಡವರು ಈ ಹುಡುಗರಲ್ಲ.

ಕೊನೆಗೆ ಹೊರಲೋಕ. 1997ರಲ್ಲಿ ಶೇಯಿ ಶೋಡಿಮು ಎಂಬ ಗಾಯಕ 'ಲವ್ ಮಿ ಜೆಜೆ' ಎಂದು 'ಮೆಲ್ಲಗೆ ಪ್ರೀತಿಸು' ಎನ್ನುವ ಹಾಡು ತಂದರು. ಜೆಜೆ ಯೊರುಬಾದ ಜೋಡಿಪದ, ನಮ್ಮ 'ಮೆಲ್ಲಮೆಲ್ಲನೆ'ಯಂಥದು. ಅಲ್ಲಿಂದ ಅದು ಪಿಜಿನ್‌ಗೂ ಹೋಗಿದೆ: ತನ್ನ ಪಾಡಿಗೆ ತಾನಿರುವವನು 'ಐ ಡೆ ಮೈ ಜೆಜೆ' ಎನ್ನುತ್ತಾನೆ. 2024ರಲ್ಲಿ ಟೆಮ್ಸ್ ಅದೇ ಪಲ್ಲವಿಯನ್ನೆತ್ತಿ ತನ್ನ ಹಾಡು ಕಟ್ಟಿದಳು, 2025ರ ಫೆಬ್ರವರಿಯಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ಟೆಮ್ಸ್ ರ‍್ಯಾಪ್ ಗಾಯಕಿಯಲ್ಲ, ಆದರೆ ರ‍್ಯಾಪ್ ತೆರೆದ ಬಾಗಿಲಿನಿಂದಲೇ ಈ ಪದಗಳೆಲ್ಲ ಹೊರಗೆ ಹೋದದ್ದು. ಆಕ್ಸ್‌ಫರ್ಡ್ ನಿಘಂಟು 2020ರಲ್ಲಿ ಡಾನ್ಫೊವನ್ನು ಒಳಗೆ ಬಿಟ್ಟುಕೊಂಡಿತು. ಈಚೆಗೆ 'ಜಾಪಾ'ವನ್ನೂ ಬಿಟ್ಟುಕೊಂಡಿದೆ: ದೇಶ ಬಿಟ್ಟು ಪರಾರಿಯಾಗುವುದು ಎಂಬ ಅರ್ಥದ ಯೊರುಬಾ ಪದ, ಹಾಡುಗಳಲ್ಲಿ ಸವೆದು ನುಣುಪಾದದ್ದು.

ಸಂತೋಷದ ಸಂಗತಿಯೇ. ಒಂದು ಅನುಮಾನ ಮಾತ್ರ ನನ್ನನ್ನು ಬಿಡುವುದಿಲ್ಲ. ಬಾರಿಗಾದ ಹುಡುಗರಿಗೆ ಕೇಳಲೆಂದು ಬರೆದ ಯೊರುಬಾ ಸಾಲಿನಲ್ಲಿ ಮಾತು ಇರಬೇಕಿತ್ತು. ಟೊರೊಂಟೊದಲ್ಲೂ ಕೊಚ್ಚಿಯಲ್ಲೂ ಕುಣಿಯುವವರಿಗೆಂದು ಹಾಕಿದ ಯೊರುಬಾ ಪದಕ್ಕೆ ಸದ್ದು ಇದ್ದರೆ ಸಾಕು. ಪಲ್ಲವಿಯ ತುದಿಗೆ ಎರಡು ಪದ, ಒಗ್ಗರಣೆಗೆ ಕರಿಬೇವಿನಂತೆ. ಈಚಿನ ಎಷ್ಟೋ ಹಾಡುಗಳು ಈ ಹಾದಿ ಹಿಡಿದಿವೆ. ಅದೇ ಹೊತ್ತಿಗೆ ಅಶಾಕೆಯಂಥವನು, ರಂಜಾನ್ ಬೆಳಗಿನ ಮುಂಚೆ ಜನರನ್ನು ಎಬ್ಬಿಸುತ್ತಿದ್ದ ಹಾಡುಗಳಿಂದ ಬೆಳೆದ ಫುಜಿ ಸಂಗೀತದ ಸಾಮೂಹಿಕ ದನಿಯನ್ನು ತಂದು, ಅನುವಾದದ ಹಂಗಿಲ್ಲದೆ ಯೊರುಬಾದಲ್ಲೇ ಸಾಲುಗಟ್ಟಿ ಹಾಡಿ ಲಂಡನ್ನಿನ ದೊಡ್ಡ ಸಭಾಂಗಣಗಳನ್ನು ತುಂಬಿಸುತ್ತಾನೆ. ಎರಡೂ ಒಟ್ಟೊಟ್ಟಿಗೆ ನಡೆಯುತ್ತಿವೆ.

ಬರ್ನಾ ಬಾಯ್‌ನ 2022ರ ಪ್ರಸಿದ್ಧ ಹಾಡೊಂದರಲ್ಲಿ, ಪ್ರೇಮ ಮುರಿದವನು ತನಗೆ ಬೇಕಾದದ್ದು ಎರಡೇ ಎನ್ನುತ್ತಾನೆ: 'ಇಗ್ಬೊ', 'ಶಾಯೊ'. ಶಾಯೊ ಎಂದರೆ ಹೆಂಡ. ಇಗ್ಬೊ ಎಂಬುದನ್ನು ಕೊನೆಗೆ ಮೇಲಿನ ಸ್ವರದಲ್ಲಿ ಹೇಳಿದರೆ ಯೊರುಬಾದಲ್ಲಿ ಕಾಡು, ಬೀದಿಯಲ್ಲಿ ಗಾಂಜಾ. ಎರಡನ್ನೂ ಕೆಳಗಿನ ಸ್ವರದಲ್ಲಿ ಹೇಳಿದರೆ ಪೂರ್ವದ ಒಂದು ದೊಡ್ಡ ಜನಾಂಗದ ಹೆಸರು. ಹಾಡಿನ ಸಾಹಿತ್ಯವನ್ನು ಬರೆದು ಹಾಕುವ ಜಾಲತಾಣಗಳಲ್ಲಿ ಸ್ವರಚಿಹ್ನೆಗಳು ಇರುವುದಿಲ್ಲ. ತಿದ್ದುವ ಯಂತ್ರ ಮೊದಲ ಅಕ್ಷರವನ್ನು ದೊಡ್ಡದು ಮಾಡಿಬಿಟ್ಟರೆ ಆ ವಿರಹಿ ಮೂರು ಕೋಟಿ ಜನರನ್ನು ಬೇಡುತ್ತ ಕುಳಿತಂತಾಗುತ್ತದೆ. ಲೋಕವೆಲ್ಲ ಆ ಸಾಲಿಗೆ ದನಿಗೂಡಿಸುವಾಗ ಲಾಗೋಸ್‌ನಲ್ಲಿ ಯಾರೋ ಒಬ್ಬರು ಕಿಸಕ್ಕನೆ ನಗುತ್ತಿರುತ್ತಾರೆ. ಸಾಲು ಬರೆದದ್ದು ಅವರಿಗಾಗಿ.